ಕುರಿ ದಾಟಲೆಂದು ಗಾಡಿ ತಡೆದ ದನಿ

ನಿಪ್ಪಾಣಿಯ ಬೀದಿದೀಪಗಳು ಇನ್ನೂ ಆರಿಲ್ಲ. ಟಯರ್ ಅಂಗಡಿಯೊಂದರ ಮಾಳಿಗೆಯ ಮೇಲಿನ ಕೋಣೆಯಲ್ಲಿ ಅಕ್ಕುತಾಯಿ ತಲೆಯ ಸೆರಗು ಸರಿಪಡಿಸಿಕೊಂಡು, ಸೆರಗಿನ ಮೇಲೆಯೇ ಹೆಡ್‌ಫೋನ್ ಏರಿಸಿಕೊಂಡು ಅಂಕಲಿ ಊರಿಗೆ ಫೋನ್ ಹಚ್ಚುತ್ತಾರೆ. ಅಲ್ಲಿ ಕೃಷ್ಣೆಯ ದಂಡೆಗೆ ಹತ್ತಿರ ಚಹಾದಂಗಡಿ ಇಟ್ಟಿರುವ ಕಾಂಚನ ಆಗಷ್ಟೇ ಒಲೆ ಹೊತ್ತಿಸಿದ್ದಾಳೆ.

“ನೀರ ಎಲ್ಲೀತನಾ ಬಂತ, ಕಾಂಚನ?”

“ಏರಾಕತ್ತೈತಂತ ನೋಡಕ್ಕ.”

“ಅಂತ ಅಂದ್ರ, ಯಾರ ಅಂದ್ರು?”

“ಹಾಲಿನ ಗಾಡ್ಯಾವ್ರು ಅನ್ನಾಕತ್ತಿದ್ರು.”

“ಅವ್ರು ಅಂದದ್ದ ಬ್ಯಾಡವಾ. ಒಲಿ ಸಣ್ಣ ಮಾಡಿ ನೀ ಒಂದೀಟ ಹೋಗಿ ನೋಡಿ ಬಾ. ನಾ ಫೋನ್ ಹಿಡ್ಕೊಂಡ ಕುಂದರತೀನಿ.”

ಕಾಂಚನ ಹೋಗುತ್ತಾಳೆ. ತಗಡಿನ ಮೇಲೆ ಬೀಳುವ ಮಳೆಯ ಸದ್ದು, ಒಲೆಯ ಭುಸುಗುಟ್ಟುವಿಕೆ, ಯಾರೋ ಕೆಮ್ಮಿದ್ದು ಇವೆಲ್ಲ ಅಕ್ಕುತಾಯಿಯ ಕಿವಿಯಲ್ಲಿ. ತುಸು ಹೊತ್ತಿಗೆ ಏದುಸಿರಿನ ಮಾತು ಬರುತ್ತದೆ. ನಿನ್ನೆ ಮುಳುಗಿದ್ದ ಹೊಳೆಯ ಮೆಟ್ಟಿಲುಗಳು ಇವತ್ತು ಕಾಣುತ್ತಿವೆಯಂತೆ. ನೀರು ಏರಿಲ್ಲ, ಇಳಿದಿದೆ. ಅಕ್ಕುತಾಯಿ “ಚಲೋ ಆತು, ಚಾ ಉಕ್ಕೀತ, ಹೋಗು” ಎಂದು ಫೋನ್ ಇಡುತ್ತಾರೆ. ಮುಂದೆ ಕಾಗವಾಡದ ಗ್ಯಾರೇಜಿನವನು, ರಾಯಬಾಗದ ಹೂವಿನವಳು, ಅಥಣಿ ಬಸ್ ನಿಲ್ದಾಣದ ಹಮಾಲ. ಎಲ್ಲರಿಗೂ ಕೇಳುವ ಪ್ರಶ್ನೆ ಬೇರೆ ಬೇರೆ, ಕಡೆಯ ಮಾತು ಮಾತ್ರ ಒಂದೇ: “ನೀವ ಕಣ್ಣೀಲೆ ನೋಡೀರೇನು?”

ಬೆಳಕು ಹರಿಯುವ ಹೊತ್ತಿಗೆ ಅವರು ಗಂಟಲು ಸರಿ ಮಾಡಿಕೊಂಡು ಮೈಕಿನ ಮುಂದೆ ವಾಲುತ್ತಾರೆ. “ನಮಸ್ಕಾರ್ರಿ, ಹಾದಿವಾಟದಿಂದ ಮಾತಾಡಾಕತ್ತೀನಿ. ಇವತ್ತ ಎಲ್ಲೆಲ್ಲಿ ಹಾದಿ ಐತಿ, ಎಲ್ಲೆಲ್ಲಿ ಇಲ್ಲ, ಕೇಳ್ರಿ.” ಕನ್ನಡದಲ್ಲಿ ಹೇಳಿ ಮುಗಿಸಿ, ಉಸಿರು ತೆಗೆದುಕೊಂಡು, ಅದನ್ನೇ ಮರಾಠಿಯಲ್ಲಿ ಹೇಳುತ್ತಾರೆ. ಮರಾಠಿಯದು ಅನುವಾದವಲ್ಲ. ಗಡಿಯಾಚೆಯಿಂದ ಬರುವವರಿಗೆ ಯಾವ ತಿರುವು ಬೇಕೋ ಅದು ಅಲ್ಲಿ ಮೊದಲು ಬರುತ್ತದೆ.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ಈ ಐದು ತಾಲ್ಲೂಕುಗಳಲ್ಲಿ ಈ ದನಿಯನ್ನು ಕೇಳದವರು ಕಡಿಮೆ. ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಮರುಕ್ಷಣ ಫೋನ್ ಬರುತ್ತದೆ, ಹಾದಿಯ ಸುದ್ದಿ ಹೇಳುತ್ತದೆ. ಮಳೆಗಾಲದಲ್ಲಿ ದಿನಕ್ಕೆ ಸಾವಿರಾರು ಮಂದಿ ಹೀಗೆ ಕೇಳುತ್ತಾರೆ. ಕಬ್ಬಿನ ಹಂಗಾಮಿನಲ್ಲಿ ಇನ್ನೂ ಹೆಚ್ಚು. ದನಿ ಎಲ್ಲರಿಗೂ ಗೊತ್ತು. ಮುಖ ಯಾರಿಗೂ ಗೊತ್ತಿಲ್ಲ. ಬಸ್ಸಿನಲ್ಲಿ ಪಕ್ಕದಲ್ಲೇ ಕೂತವರು ಫೋನಿನಲ್ಲಿ ತನ್ನ ಮಾತು ಕೇಳುತ್ತಿರುವಾಗ ಅಕ್ಕುತಾಯಿ ಕಿಟಕಿಯ ಕಡೆ ಮುಖ ತಿರುಗಿಸಿ ನಗುತ್ತಾರೆ.

‘ಹಾದಿವಾಟ’ ಸಂಚಾರ ಮತ್ತು ಪ್ರಯಾಣದ ಮಾಹಿತಿ ಕೊಡುವ ಸಣ್ಣ ಸಾಫ್ಟ್‌ವೇರ್ ಕಂಪನಿ. ಕನ್ನಡದ ಹಾದಿಗೆ ಅದೇ ಅರ್ಥದ ಮರಾಠಿಯ ವಾಟ ಕೂಡಿಸಿ ಹೆಸರಿಟ್ಟವಳು ಕಂಪನಿ ಕಟ್ಟಿದ ರೂಪಾಲಿ. ಉಗಾರ ಬುದ್ರುಕದ ಕಬ್ಬಿನ ಮನೆಯ ಮಗಳು, ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದಿದವಳು. ಮನೆಯ ಕಬ್ಬಿನ ಟ್ರ್ಯಾಕ್ಟರುಗಳು ಕಾರ್ಖಾನೆಯ ಮುಂದೆ ದಿನಗಟ್ಟಲೆ ಸಾಲಿನಲ್ಲಿ ನಿಂತು ಕಬ್ಬು ಒಣಗುವುದನ್ನು ನೋಡಿ, ಯಾವ ಹೊತ್ತಿಗೆ ಯಾವ ಹಾದಿಯಲ್ಲಿ ಹೊರಟರೆ ಸಾಲು ಕಡಿಮೆ ಎಂದು ತಿಳಿಸುವ ಸಾಫ್ಟ್‌ವೇರ್ ಬರೆದಳು. ಆಮೇಲೆ ಹಾಲಿನ ಡೇರಿಗಳು, ಖಾಸಗಿ ಬಸ್ಸಿನವರು ಬಂದರು. ಈಗ ಮಾಳಿಗೆಯ ಎರಡು ಕೋಣೆಗಳಲ್ಲಿ ಹತ್ತು ಹನ್ನೆರಡು ಮಂದಿ ಕೆಲಸ ಮಾಡುತ್ತಾರೆ. ಅವರಲ್ಲಿ ಕಂಪ್ಯೂಟರ್ ಓದದೆ ಬಂದವರು ಅಕ್ಕುತಾಯಿ ಒಬ್ಬರೇ.

ಅಕ್ಕುತಾಯಿ ಹುಟ್ಟಿದ್ದು ಕುರಿಯವರ ಮನೆಯಲ್ಲಿ. ನಡೆಯಲು ಕಲಿತದ್ದೇ ಹಿಂಡಿನ ಹಿಂದೆ. ದೀಪಾವಳಿ ದಾಟಿದರೆ ಅಪ್ಪ ಹಿಂಡು ಹೊಡೆದುಕೊಂಡು ಊರು ಬಿಡುತ್ತಿದ್ದರು. ಇವತ್ತು ಒಬ್ಬರ ಹೊಲದಲ್ಲಿ ಹಟ್ಟಿ, ನಾಳೆ ಇನ್ನೊಬ್ಬರ ಹೊಲದಲ್ಲಿ. ಒಮ್ಮೆ ಹೆದ್ದಾರಿ ದಾಟುವಾಗ ಲಾರಿಯೊಂದು ಹಾರ್ನ್ ಹೊಡೆಯುತ್ತಾ ಹಿಂಡಿನೊಳಗೇ ನುಗ್ಗಿತು. ಆಗ ಅವರು ಇನ್ನೂ ಲಂಗದ ಹುಡುಗಿ. “ಅಪ್ಪ ಅವತ್ತ ಅತ್ತಿದ್ದ ನೋಡಿದ್ದೆ. ಆಮ್ಯಾಲ ಎಂದೂ ನೋಡಲಿಲ್ರಿ” ಎನ್ನುತ್ತಾರೆ. ಉಳಿದ ಕುರಿ ಮಾರಿದ ಅಪ್ಪ ಮಗಳನ್ನು ವೇದಗಂಗಾ ಮತ್ತು ದೂಧಗಂಗಾ ನದಿಗಳ ನಡುವಿನ ಭೋಜಕ್ಕೆ ಕೊಟ್ಟರು. ಅತ್ತೆಯ ಮನೆಯಲ್ಲಿ ಎರಡು ಎಮ್ಮೆ, ಒಂದಿಷ್ಟು ಹೊಲ. ಮನೆಮಾತು ಅರ್ಧ ಕನ್ನಡ, ಅರ್ಧ ಮರಾಠಿ.

ಗಂಡ ಕಾಯಿಲೆ ಬಿದ್ದು ತೀರಿಕೊಂಡ ಮೇಲೆ ಅವರು ನಿಪ್ಪಾಣಿಯ ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ಕೆಲಸಕ್ಕೆ ನಿಂತರು. ಎಲೆ ಬಡಿದು, ಜರಡಿ ಹಿಡಿದು, ಚೀಲ ತುಂಬುವ ಕೆಲಸ. ಘಾಟು ಗಂಟಲಿಗೆ ಇಳಿದು ಇಳಿದು ದನಿ ಒಡೆಯಿತು. ಮೊದಲು ಹಾಡುತ್ತಿದ್ದ ಹೆಂಗಸು ಹಾಡು ಬಿಟ್ಟರು. “ಮದುವಿ ಮನ್ಯಾಗ ಸೋಬಾನ ಹಾಡಾಕ ಕರೀತಿದ್ರು. ದನಿ ಹೋತಲ್ರಿ, ಕರಿಯೂದೂ ನಿಂತ್ ಹೋತು.”

ಅದೇ ಒಡಕು ದನಿ ಅವರಿಗೆ ಈ ಕೆಲಸ ತಂದುಕೊಟ್ಟಿತು. ಹಾದಿವಾಟದವರು ಮೊದಲು ಪೇಟೆಯ ಸ್ಟುಡಿಯೋದಲ್ಲಿ ಇಂಪಾದ ದನಿಯೊಂದನ್ನು ಮುದ್ರಿಸಿ ಹಾಕಿದ್ದರು. ಜನ ಅದನ್ನು ಜಾಹೀರಾತು ಎಂದುಕೊಂಡು ಎರಡನೇ ಮಾತಿಗೇ ಫೋನ್ ಕತ್ತರಿಸುತ್ತಿದ್ದರು. ಅಕ್ಕುತಾಯಿಯ ಅತ್ತೆಯೂ ಹಾಗೇ ಮಾಡಿದರು. ಮರುದಿನ ವಖಾರಿಯಿಂದ ಮನೆಗೆ ಹೋಗುವ ದಾರಿಯಲ್ಲಿ ಅಕ್ಕುತಾಯಿ ಮಾಳಿಗೆ ಹತ್ತಿ ಬಂದು ಬಾಗಿಲಲ್ಲೇ ನಿಂತು ಕೇಳಿದರು: “ನಿಮ್ಮ ಫೋನಿನಾಗಿನಾಕಿಗೆ ಮರಾಠಿ ಬರೂದಿಲ್ಲೇನ್ರಿ? ನಮ್ಮತ್ತಿಗೆ ತಿಳಿಯಂಗಿಲ್ಲ.”

ರೂಪಾಲಿ ನಕ್ಕು ಅವರನ್ನು ಒಳಗೆ ಕರೆದಳು. ಚಹಾ ಕುಡಿಸಿದಳು. ಕುಡಿಯುತ್ತಾ ಕುಡಿಯುತ್ತಾ, ಅತ್ತೆಗೆ ಹೇಳುವುದಾದರೆ ಹೇಗೆ ಹೇಳುತ್ತೀರಿ ಎಂದು ಕೇಳಿ ಮೈಕು ಮುಂದಿಟ್ಟಳು. “ಅವ್ರ ದನಿ ಕೇಳಿದ ಕೂಡಲೇ ನಮ್ಮವ್ವ ಅಡಿಗಿ ಮನಿಯಿಂದ ಕರದಂಗಾತು” ಎಂದು ರೂಪಾಲಿ ಈಗಲೂ ನೆನೆಯುತ್ತಾಳೆ. ಆ ವಾರವೇ ಕೆಲಸ ಖಾಯಂ ಆಯಿತು.

ಸುದ್ದಿ ಹೇಳುವುದು ಕೆಲಸದ ಅರ್ಧ ಪಾಲು. ಉಳಿದರ್ಧ ಸುದ್ದಿ ಹುಡುಕುವುದು. ರಸ್ತೆಯ ಮೇಲೆ ಓಡಾಡುವ ಫೋನುಗಳ ವೇಗ ಅಳೆದು ಕಂಪ್ಯೂಟರು ನಕ್ಷೆಗೆ ಬಣ್ಣ ಹಚ್ಚುತ್ತದೆ: ಗಾಡಿ ನಿಂತರೆ ಕೆಂಪು, ಸರಾಗವಾಗಿ ಹರಿದರೆ ಹಸಿರು. ಸೇತುವೆ ಮುಳುಗಿ ಗಾಡಿಗಳೇ ಬರದಿದ್ದರೆ ಅಳೆಯಲು ಏನೂ ಇರುವುದಿಲ್ಲ. ಹಾಗಾಗಿ ಮೊದಮೊದಲು ನೀರಿನಡಿಯ ರಸ್ತೆಯೂ ನಕ್ಷೆಯಲ್ಲಿ ಹಸಿರಾಗಿಯೇ ಇರುತ್ತಿತ್ತು. ಇದನ್ನು ಗಮನಿಸಿದ ರೂಪಾಲಿ, ಸೇತುವೆಗಳ ಸುದ್ದಿಯನ್ನು ಕಂಪ್ಯೂಟರಿಗೆ ಬಿಡದೆ ಮನುಷ್ಯರ ಕಣ್ಣಿಗೆ ಒಪ್ಪಿಸಿದಳು. ದಂಡೆಗಳಲ್ಲಿ ಕಣ್ಣಿದ್ದವರನ್ನು ಹುಡುಕಿ ಪರಿಚಯ ಬೆಳೆಸಿದ್ದು ಅಕ್ಕುತಾಯಿ. ಈಗ ಐದೂ ತಾಲ್ಲೂಕುಗಳಲ್ಲಿ ಅವರಿಗೆ ಅಣ್ಣ, ತಮ್ಮ, ಅಕ್ಕ, ತಂಗಿಯರಿದ್ದಾರೆ. ಅವರಲ್ಲಿ ಬಹಳಷ್ಟು ಮಂದಿಯನ್ನು ಅವರು ಕಂಡೇ ಇಲ್ಲ.

ಹೋದ ವರ್ಷದ ಶ್ರಾವಣದ ಒಂದು ಮಧ್ಯಾಹ್ನವನ್ನು ಮಾತ್ರ ಆ ಕಚೇರಿಯಲ್ಲಿ ಯಾರೂ ಮರೆತಿಲ್ಲ.

ಘಟ್ಟದ ಕಡೆ ಮಳೆ ಬಿಟ್ಟಿರಲಿಲ್ಲ. ವೇದಗಂಗಾ ತುಂಬಿ ಬರುತ್ತಿದ್ದಳು. ನಿಪ್ಪಾಣಿಗೂ ಭೋಜದ ಕಡೆಯ ಹಳ್ಳಿಗಳಿಗೂ ನಡುವೆ ಇರುವ ತಗ್ಗಿನ ಸೇತುವೆ ಇನ್ನೇನು ಮುಳುಗುವುದರಲ್ಲಿತ್ತು. ಅದನ್ನು ಅಲ್ಲಿಯವರು ತಗ್ಗಿನ ಪೂಲ ಎನ್ನುತ್ತಾರೆ. ಮುಳುಗುವ ಮೊದಲು ದಾಟಿಬಿಡೋಣ ಎಂದು ಎರಡೂ ದಂಡೆಗಳಿಂದ ಗಾಡಿಗಳು ನುಗ್ಗುತ್ತಿದ್ದವು. ಆಗ ಅಕ್ಕುತಾಯಿಗೆ ಕುರಿಗಾರ ಮಾಳಸಿದ್ದನ ಫೋನ್ ಬಂತು. ಭೋಜದ ದಂಡೆಯ ಹೊಲದಲ್ಲಿ ಅವನೂ ಹೆಂಡತಿ ಲಗಮವ್ವಳೂ ಹಟ್ಟಿ ಹಾಕಿದ್ದರು.

“ತಂಗಿ, ಪೂಲ ಇನ್ನ ಎಷ್ಟೊತ್ತ ಇರತೈತಿ?”

“ತಾಸ ಹೊತ್ತ ಇದ್ರ ಹೆಚ್ಚ ನೋಡಣ್ಣ. ಯಾಕ?”

“ಹಿಂದ ಹಳ್ಳ ಬಂದ್ ಊರ ಹಾದಿ ಮ್ಯಾಲೆ ನೀರ ಹರಿಯಾಕತ್ತೈತಿ, ಗಾಡಿ ಹಾಯತಾವು, ಕುರಿ ಹಾಯಂಗಿಲ್ಲ. ಕುರಿ ನಿಂತ ಜಾಗಾಕ್ಕ ನೀರ ಬರಾಕತ್ತೈತಿ. ಪೂಲ ದಾಟಿ ನಿಪ್ಪಾಣಿ ಕಡೆ ದಿಬ್ಬ ಹತ್ತಿದ್ರ ಉಳೀತಾವು. ದಾಟಸಾಕ ಹೋದ್ರ ಗಾಡಿ ಬಿಡವಲ್ವು.”

ಮುಂದಿನದನ್ನು ಅವನು ಬಿಡಿಸಿ ಹೇಳಬೇಕಾಗಿರಲಿಲ್ಲ. ಮಳೆಗಾಲಕ್ಕೆ ಆ ಸೇತುವೆಯ ಪಕ್ಕದ ಕಂಬಿಗಳನ್ನು ಬಿಚ್ಚಿ ಇಟ್ಟಿರುತ್ತಾರೆ. ಗಾಡಿಗಳ ನಡುವೆ ಹಿಂಡು ಸಿಕ್ಕು, ಹಾರ್ನಿಗೆ ಬೆದರಿ ಮುಂದಿನ ಟಗರು ನೀರಿಗೆ ಹಾರಿತೆಂದರೆ, ಹಿಂದಿನವೆಲ್ಲ ಅದರ ಹಿಂದೆಯೇ ಹಾರುತ್ತವೆ. ಅವನ ಮನೆಯವರ ಬದುಕೇ ಆ ಹಿಂಡಿನಲ್ಲಿತ್ತು.

ಅಕ್ಕುತಾಯಿ ಸೇತುವೆಯ ಮೇಲಿದ್ದ ಹೋಮ್‌ಗಾರ್ಡ್ ಬಾಳೇಶನಿಗೆ ಫೋನ್ ಮಾಡಿದರು. ಅವನ ದನಿ ಮಳೆಯಲ್ಲಿ ಅರ್ಧ ಕೇಳುತ್ತಿತ್ತು. “ನಾ ಒಬ್ಬಾಂವ ಅದೀನಕ್ಕ. ಈ ದಂಡಿಗೆ ತಡದ್ರ ಆ ದಂಡಿಯಿಂದ ಬರ್ತಾವು. ನೀರ ಪೂಲಕ್ಕ ಮುಟ್ಟಾಕ ಇನ್ನ ಒಂದ ಗೇಣ ಐತಿ ಅಷ್ಟ.”

ಅಕ್ಕುತಾಯಿ ತಿರುಗಿ ರೂಪಾಲಿಯ ಮುಖ ನೋಡಿದರು. ಗಾಡಿಗಳಲ್ಲಿದ್ದವರೂ ಮನೆ ಸೇರಬೇಕಾದವರೇ. ಅವರನ್ನು ತಡೆದರೆ, ಕುರಿ ದಾಟುವಷ್ಟರಲ್ಲಿ ಸೇತುವೆಯೇ ಮುಳುಗಬಹುದು. ಅವರಿಗಾದರೆ ಮೇಲಿನ ಎತ್ತರದ ಸೇತುವೆಯ ಮೇಲೆ ಹಾಯ್ದು ಹೋಗುವ ಸುತ್ತುಹಾದಿ ಇತ್ತು, ಬಹಳ ದೂರದ್ದು. ಕುರಿಗಳಿಗೆ ಅದೂ ಇರಲಿಲ್ಲ.

“ನಾವೇನ ಪೊಲೀಸ್ರಲ್ಲ ಅಕ್ಕು. ನಿಲ್ರಿ ಅನ್ನಾಕ ನಮಗ ಹಕ್ಕಿಲ್ಲ” ಎಂದಳು ರೂಪಾಲಿ.

“ನಿಲ್ರಿ ಅಂತ ಹುಕುಂ ಮಾಡೂದ ಬ್ಯಾಡ. ಏನ ನಡದೈತಿ ಅದನ್ನ ಹೇಳೂನು. ಆಮ್ಯಾಲ ಬೇಡ್ಕೊಳ್ಳೂನು.” ಅವರು ಇನ್ನೊಂದು ಮಾತು ಸೇರಿಸಿದರು. “ಕುರಿಯವ್ರ ಮಗಳು ಕುರಿಯವ್ರಿಗೆ ಹಾದಿ ಬಿಡಿಸಿದ್ಲು ಅಂತಾರ. ಅಂದ್ರ ಅನ್ನಲಿ.”

ರೂಪಾಲಿ ತಾಲ್ಲೂಕಿನ ನೆರೆ ನಿಯಂತ್ರಣ ಕೊಠಡಿಗೆ ವಿಷಯ ತಿಳಿಸಿ ಒಪ್ಪಿಗೆ ಪಡೆದಳು. ಬಳಿಕ ಕೀಲಿಮಣೆಯ ಮೇಲೆ ಅವಳ ಬೆರಳು ಓಡಿದವು. ಆ ಸೇತುವೆಯ ಕಡೆ ಹೊರಟಿದ್ದ ಡೇರಿ ಗಾಡಿಗಳ, ಬಸ್ಸುಗಳ ಚಾಲಕರ ಫೋನು, ಅವತ್ತು ಆ ಹಾದಿಯ ಸುದ್ದಿ ಕೇಳಿದ್ದ ಪ್ರತಿಯೊಂದು ಫೋನು, ಎಲ್ಲವೂ ಒಮ್ಮೆಲೇ ರಿಂಗಾಗುವಂತೆ ಮಾಡಿದಳು. ಅಕ್ಕುತಾಯಿ ಮೈಕು ಹಿಡಿದರು.

“ಕೇಳ್ರಿ. ಭೋಜ ಕಡೆ ಹೋಗಾವ್ರು, ಭೋಜ ಕಡೆಯಿಂದ ಬರಾವ್ರು. ತಗ್ಗಿನ ಪೂಲ ಇನ್ನ ಮುಳಗಿಲ್ಲ. ಆದ್ರ ಅದರ ಮ್ಯಾಲೆ ಈಗ ಕುರಿಹಿಂಡ ದಾಟಬೇಕಾಗೇತಿ. ಅವಕ್ಕ ಬ್ಯಾರೆ ಹಾದಿ ಇಲ್ಲ. ಕಂಬಿ ಇಲ್ಲ, ಹಾರ್ನ್ ಹೊಡದ್ರ ಹೊಳಿಗೆ ಬೀಳತಾವು. ನಿಮಗ ಸುತ್ತ ಹಾದಿ ಐತಿ, ದೂರ ಆಗತೈತಿ, ಗೊತ್ತೈತ್ರಿ. ದಂಡಿ ಮ್ಯಾಲೇನ ಗಾಡಿ ನಿಲ್ಲಿಸಿ ಹಾದಿ ಬಿಡ್ರಿ. ಕುರಿ ದಾಟಿದ ಮ್ಯಾಲೆ ಪೂಲ ಇರತೈತಿ ಅಂತ ನಾ ಮಾತ ಕೊಡಾಂಗಿಲ್ಲ. ಬೇಡ್ಕೊತೀನಿ ಅಷ್ಟ.”

ಮರಾಠಿಯಲ್ಲೂ ಹೇಳಿ ಮುಗಿಸುವ ಮೊದಲೇ ಇನ್ನೊಂದು ಫೋನು ಬಡಿದುಕೊಳ್ಳುತ್ತಿತ್ತು. ಮಾತನಾಡಿದವರು ಭೋಜದ ಕಬ್ಬಿನ ಒಕ್ಕಲಿಗ ವಿರುಪಾಕ್ಷಪ್ಪ. ನಿಪ್ಪಾಣಿಯ ದಂಡೆಯಲ್ಲಿ ಸಾಲಿನ ಮುಂದೆಯೇ ಇದ್ದ ಜೀಪು ಅವರದು. ಹೆಂಡತಿ ಶಿವಗಂಗವ್ವನವರ ಕಣ್ಣಿನ ಆಪರೇಶನ್ ಮಾಡಿಸಿಕೊಂಡು ಮನೆಗೆ ಹೊರಟಿದ್ದರು.

“ಏ ತಂಗಿ, ನನ್ನ ತೋಟ ಆ ದಂಡಿಗೆ ಕಾಣಾಕತ್ತೈತಿ. ಗಾಡ್ಯಾಗ ಕಣ್ಣಿಗೆ ಪಟ್ಟಿ ಕಟ್ಟಿದಾಕಿ ಅದಾಳ. ಕುರಿಗೋಸ್ಕರ ಮನಶ್ಯಾರ್ನ ನಿಲ್ಲಸ್ತಿ ಏನ? ಎರಡ ನಿಮಿಷ, ದಾಟಿ ಹೋಕ್ಕೀನಿ.”

“ದಾಟತೀರ್ರಿ. ನಿಮ್ಮ ಹಿಂದಿನಾವ್ರೂ ಎರಡ ನಿಮಿಷ ಅಂತಾರ. ಅವ್ರ ಹಿಂದಿನಾವ್ರೂ ಅಂತಾರ. ಒಂದ ಸಲ ಹಿಂದ ಹೊಳ್ಳಿ ನೋಡ್ರಿ.”

ಜೀಪಿನೊಳಗೆ ಹೆಂಗಸೊಬ್ಬರು ಕೇಳಿದ್ದು ಅಕ್ಕುತಾಯಿಗೂ ಕೇಳಿಸಿತು. “ಯಾರ ಕುರಿ ಅಂತ್ರಿ?” “ಯಾರ್ವೋ ಯಾರ ಬಲ್ಲರು.” “ಯಾರ್ವರ ಇರಲಿ. ಜೀವ ಅಲ್ಲೇನ್ರಿ ಅವು? ತಿರವ್ರಿ ಗಾಡಿ.”

ವಿರುಪಾಕ್ಷಪ್ಪ ಜೀಪು ತಿರುಗಿಸಿದರು. ಆದರೆ ಹೊರಟುಹೋಗಲಿಲ್ಲ. ರಸ್ತೆಗೆ ಅಡ್ಡಲಾಗಿ ನಿಲ್ಲಿಸಿ, ಇಳಿದು, ಮಳೆಯಲ್ಲಿ ಟವೆಲ್ ತಲೆಗೆ ಸುತ್ತಿಕೊಂಡು ಹಿಂದಿನ ಗಾಡಿಗಳಿಗೆ ಕೈ ಅಡ್ಡ ಹಿಡಿದರು. ಆಚೆ ದಂಡೆಯಲ್ಲಿ ಹಾಲಿನ ಗಾಡಿಯ ಸುರಜ ಅದೇ ಕೆಲಸ ಮಾಡಿದ. ಬಾಳೇಶ ಸೇತುವೆಯ ನಡುವೆ ನಿಂತು ಮಾಳಸಿದ್ದನಿಗೆ ಕೈ ಬೀಸಿದ.

ಮಾಳಸಿದ್ದ ಮುಂದಿನ ಟಗರನ್ನು ಕೊರಳು ಹಿಡಿದು ನಡೆಸಿದ. ಅದರ ಹಿಂದೆ ಹಿಂಡು, ಕಡೆಗೆ ಮರಿಗಳನ್ನು ಕುದುರೆಯ ಮೇಲೆ ಹೇರಿಕೊಂಡ ಲಗಮವ್ವ. ಬಾಳೇಶ ಫೋನನ್ನು ಕತ್ತರಿಸಿರಲಿಲ್ಲ. ನಿಪ್ಪಾಣಿಯ ಮಾಳಿಗೆಯ ಮೇಲೆ ಎಲ್ಲರೂ ಕೆಲಸ ಬಿಟ್ಟು ಆ ಸದ್ದು ಕೇಳುತ್ತ ನಿಂತಿದ್ದರು. ಹೊಳೆಯ ಭೋರ್ಗರೆತ, ಅದರೊಳಗೆ ಗೊರಸುಗಳ ಸಣ್ಣ ಸಪ್ಪಳ, ಹಿಂಡನ್ನು ಮುಂದೆ ಕರೆಯುವ ಮಾಳಸಿದ್ದನ ಕೂಗು. ಒಂದೇ ಒಂದು ಹಾರ್ನ್ ಕೇಳಲಿಲ್ಲ. ಅಕ್ಕುತಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಿದ್ದರು. “ದಾಟಿದ್ವು” ಎಂದು ಬಾಳೇಶ ಹೇಳಿದಾಗ ಅವರು ರೂಪಾಲಿಯ ಕಡೆ ತಿರುಗಿ ತಲೆಯಾಡಿಸಿದರು.

ಭೋಜದ ಕಡೆಯಿಂದ ಹಾಲಿನ ಗಾಡಿಯೂ ಇನ್ನು ಕೆಲವು ಗಾಡಿಗಳೂ ದಾಟಿದವು. ಈಚೆಯವರ ಸರದಿ ಬರುವಷ್ಟರಲ್ಲಿ ನೀರು ಸೇತುವೆಯ ಮೈ ಮೇಲೆ ಹರಿಯತೊಡಗಿತು, ಬಾಳೇಶ ಹಾದಿಗೆ ಅಡ್ಡ ಹಗ್ಗ ಕಟ್ಟಿದ. ಎಲ್ಲರಿಗಿಂತ ಮುಂದಿದ್ದ ವಿರುಪಾಕ್ಷಪ್ಪನವರ ಜೀಪು ಈಚೆಯೇ ಉಳಿಯಿತು. ಸುತ್ತುಹಾದಿಯಲ್ಲೂ ನೀರು ನುಗ್ಗುವ ಸುದ್ದಿ ಬಂದಿದ್ದರಿಂದ ಅವರು ಹೆಂಡತಿಯನ್ನು ಕರೆದುಕೊಂಡು ನಿಪ್ಪಾಣಿಯ ಬೀಗರ ಮನೆಗೆ ಹೋದರು. ತಮ್ಮ ಮನೆ ಸೇರಲು ಅವರಿಗೆ ನೀರು ಇಳಿಯುವವರೆಗೆ ಕಾಯಬೇಕಾಯಿತು.

ಮರುದಿನ ಬೈಯುವ ಕರೆಗಳೂ ಬಂದವು. ಮಂದಿಗಿಂತ ಕುರಿ ಹೆಚ್ಚಾದವೇ ಎಂದರು. ಅವರ ತವರು ಗೊತ್ತಿದ್ದ ಒಬ್ಬನಂತೂ, ಕುರಿಯವರ ಮಗಳು ಕುರಿಯವರಿಗೇ ಹಾದಿ ಬಿಡಿಸಿದಳು ಎಂದು ಅಕ್ಕುತಾಯಿ ಮೊದಲೇ ಊಹಿಸಿದ್ದ ಮಾತನ್ನೇ ಅಂದ. “ಸುಳ್ಳ ಹೇಳಿದ್ರ ನಾಚಿಕಿ ಆಗತಿತ್ರಿ. ಇದ್ದದ್ದ ಹೇಳಿ ಬೇಡ್ಕೊಂಡಿದ್ದೆ. ಹಿಂಗಾಗಿ ಬೈಸ್ಕೊಂಡ ಸುಮ್ಮನ ಕುಂತೆ” ಎನ್ನುತ್ತಾರೆ.

ನೆರೆ ಇಳಿದ ಮೇಲೆ ಒಂದು ಮುಂಜಾನೆ ವಿರುಪಾಕ್ಷಪ್ಪ ಮಾಳಿಗೆಯ ಮೆಟ್ಟಿಲು ಹತ್ತಿ ಬಂದರು. ಫೋನಿನ ಅಕ್ಕಾವ್ರು ಯಾರು ಎಂದು ಕೇಳಿದರು. ರೂಪಾಲಿ ತೋರಿಸಿದಳು. ಅವರು ಅಕ್ಕುತಾಯಿಯನ್ನು ನೋಡಿದರು, ಮತ್ತೆ ನೋಡಿದರು. ತಮ್ಮ ಕಬ್ಬಿನ ತೋಟದ ಬದುವಿನ ಮೇಲೆ ದಿನಾ ಬಸ್ಸು ಹಿಡಿಯಲು ಹೋಗುವ ಹೆಂಗಸು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಮಾತನಾಡಿಸಿರಲಿಲ್ಲ.

“ನೀ ನಮ್ಮ ಊರಾಕೀನ ಅಲ್ಲೇನವಾ?”

“ಹೌದ್ರಿ. ಎಮ್ಮಿ ಮನಿಯವ್ರ ಸೊಸಿ.”

ವಿರುಪಾಕ್ಷಪ್ಪ ಕುರ್ಚಿಯಲ್ಲಿ ಕೂತು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. “ನಮ್ಮಾಕಿ ಕಣ್ಣಿನ ಪಟ್ಟಿ ಬಿಚ್ಚ್ಯಾರ” ಎಂದರು. “ದನಿ ಕೇಳೀನಿ, ಮಾರಿ ನೋಡಬೇಕು ಅಂತಾಳ. ಊಟಕ್ಕ ಬಾ. ನಿಮ್ಮತ್ತಿನ್ನೂ ಕರಕೊಂಡ ಬಾ.”

ಅಕ್ಕುತಾಯಿ ಹೋದರು. ಶಿವಗಂಗವ್ವ ಬಾಗಿಲಲ್ಲೇ ಅವರ ಗದ್ದ ಹಿಡಿದು ಬೆಳಕಿನ ಕಡೆ ತಿರುಗಿಸಿ ನೋಡಿದರು. “ದನಿ ಕೇಳಿ ಮುದುಕಿ ಅಂದ್ಕೊಂಡಿದ್ದೆ” ಎಂದು ನಕ್ಕರು. ಈಗ ಆ ತೋಟದ ಬದುವಿನ ಮೇಲೆ ನಡೆಯುವಾಗ ಯಾರಾದರೊಬ್ಬರು ಕರೆದು ಮಾತನಾಡಿಸದೆ ಬಿಡುವುದಿಲ್ಲ.

ಆ ಮಧ್ಯಾಹ್ನದಿಂದ ಹಾದಿವಾಟದ ನಕ್ಷೆಯಲ್ಲಿ ಹೊಸದೊಂದು ಗುರುತು ಸೇರಿಕೊಂಡಿದೆ. ಗಾಡಿ, ಬಸ್ಸು, ಕಬ್ಬಿನ ಟ್ರ್ಯಾಕ್ಟರುಗಳ ಜೊತೆಗೆ ಪುಟ್ಟದೊಂದು ಕುರಿಯ ಚಿತ್ರ. ಹಿಂಡು ಹೆದ್ದಾರಿ ದಾಟುವ ಮೊದಲು ಕುರಿಗಾರರು ಫೋನ್ ಹಚ್ಚಿ ಹೇಳುತ್ತಾರೆ. ಆ ಹಾದಿಯಲ್ಲಿ ಬರುವ ಲಾರಿಯವರಿಗೆ ಮುಂಚೆಯೇ ಸುದ್ದಿ ಮುಟ್ಟುತ್ತದೆ. ಇದನ್ನು ರೂಪಾಲಿ ಬರೆದು ಮುಗಿಸಿದ ದಿನ ಅಕ್ಕುತಾಯಿ ಪರದೆಯ ಮೇಲಿನ ಆ ಚಿತ್ರವನ್ನು ಬೆರಳಿನಿಂದ ಮುಟ್ಟಿ ನೋಡಿದರಂತೆ. ಮಾಳಸಿದ್ದ ಈಗ ಅಥಣಿಯ ಕಡೆ ಹಿಂಡು ಮೇಯಿಸುತ್ತಿದ್ದಾನೆ. “ಆಕಿನ್ನ ನಾ ನೋಡಿಲ್ರಿ. ಲಗಮವ್ವ ಆಕಿ ಸಲುವಾಗಿ ಒಂದ ಕಂಬಳಿ ನೇಯಿಸಿ ಇಟ್ಟಾಳ” ಎಂದು ಫೋನಿನಲ್ಲಿ ಹೇಳುತ್ತಾನೆ.

ಹೊತ್ತು ಏರಿದೆ. ಕೆಳಗಿನ ಟಯರ್ ಅಂಗಡಿ ತೆರೆದಿದೆ. ಎರಡನೇ ಸುದ್ದಿ ಓದಿ ಮುಗಿಸಿದ ಅಕ್ಕುತಾಯಿ ಬುತ್ತಿ ಬಿಚ್ಚಿದ್ದಾರೆ: ರೊಟ್ಟಿ, ಕೆಂಪು ಚಟ್ನಿ, ಮೊಸರು. ಇನ್ನೇನು ಆಸೆ ಇದೆ ಎಂದು ಕೇಳಿದರೆ ರೊಟ್ಟಿ ಮುರಿಯುವ ಕೈ ಅಲ್ಲೇ ನಿಲ್ಲುತ್ತದೆ. ಹೇಳಲೋ ಬೇಡವೋ ಎಂದು ನಾಚುತ್ತಾರೆ.

“ಅಥಣಿ ನೋಡಿಲ್ರಿ ನಾ. ಕಾಗವಾಡನೂ ನೋಡಿಲ್ಲ. ಎಲ್ಲಿ ತಿರವ ಐತಿ, ಎಲ್ಲಿ ತೆಗ್ಗ ಐತಿ, ಎಲ್ಲಿ ಬಸ್ ನಿಂದರತೈತಿ, ದಿನಾ ಮಂದಿಗೆ ಹೇಳತೀನಿ. ನಾ ಹೋಗೇ ಇಲ್ಲ. ಮಳಿ ಮುಗೀಲಿ, ಅತ್ತಿನ್ನ ಕರಕೊಂಡ ಒಂದ ಸರ್ತಿ ಹೋಗಿ ಬರಬೇಕ್ರಿ.”

ರೂಪಾಲಿ ಆಚೆ ಕೋಣೆಯಿಂದಲೇ, ಕಾರು ಮಾಡಿ ಕಳಿಸುತ್ತೇನೆ ಎನ್ನುತ್ತಾಳೆ. ಅಕ್ಕುತಾಯಿ ಬೇಡವೆಂದು ತಲೆಯಾಡಿಸುತ್ತಾರೆ.

“ಬಸ್ಸಿನಾಗ ಹೊಕ್ಕೀನಿ ತಗೋ. ಕಿಡಕಿ ಕಡೆ ಕುಂತ, ಒಂದೊಂದ ಊರ ಬಂದಂಗ ಅತ್ತಿಗೆ ಹೆಸರ ಹೇಳಕೋತ ಹೊಕ್ಕೀನಿ. ಊರ ಬೋರ್ಡ್ ನೋಡಾಂಗಿಲ್ಲ.”